ಮಡಿ ಬಟ್ಟೆಯ ಮಳೆಗಾಲ

ಹೋದ ತಿಂಗಳು ಪ್ರಾಯೋಗಿಕ ಪರೀಕ್ಷೆಯೊಂದರ ಪರೀಕ್ಷಕನಾಗಿ ನಾರಾಯಣಪೇಟೆಗೆ ಹೋಗಿದ್ದೆ. ಹುಡುಗರು ಕಡಿಮೆಯಿದ್ದರು, ಕೆಲಸ ಊಟದ ಹೊತ್ತಿಗೇ ಮುಗಿಯಿತು. ರಾಯಚೂರಿನ ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಬಜಾರಿನ ಹಿಂದಿನ ಓಣಿಯಲ್ಲಿ ಸುಮ್ಮನೆ ನಡೆಯುತ್ತಿದ್ದೆ. ಒಂದು ಮನೆಯ ಮುಂದೆ ಗಂಡ ಹೆಂಡತಿ ಮಗ್ಗಕ್ಕೆ ಏರಿಸುವ ಹಾಸಿನ ನೂಲನ್ನು ಉದ್ದಕ್ಕೆ ಎಳೆದು ಕಟ್ಟಿ ಅದಕ್ಕೆ ಗಂಜಿ ಸವರುತ್ತಿದ್ದರು. ಅನ್ನದ ಗಂಜಿ, ನಿನ್ನೆಯದು, ಸ್ವಲ್ಪ ಹುಳಿಗೆ ತಿರುಗಿದ್ದು. ಆ ವಾಸನೆ ಮೂಗಿಗೆ ಬಿದ್ದದ್ದೇ ನಿಂತುಬಿಟ್ಟೆ. ಗಂಡಸು ತಲೆಯೆತ್ತಿ, "ಸೀರಿ ನೋಡಾಕ ಬಂದೀರೇನ್ರಿ?" ಎಂದು ಕೇಳಿದ. ಇಲ್ಲವೆಂದು ಹೇಳಿ ಬಸ್ ನಿಲ್ದಾಣಕ್ಕೆ ಹೋಗಿ ಎರಡು ತಾಸು ಕೂತೆ.

ಆ ವಾಸನೆಗೆ ನೆನಪಾದದ್ದು ಮಕ್ತಲ್‌ನಲ್ಲಿ ಕಳೆದ ಒಂದು ಮಳೆಗಾಲ. ಅದನ್ನು ಬರೆಯುವ ಮೊದಲು ಒಂದು ಮಾತು ಹೇಳಬೇಕು. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವವನಲ್ಲ. ಕಲಬುರಗಿಯಲ್ಲಿ ಸೂಕ್ಷ್ಮಜೀವಿ ಶಾಸ್ತ್ರ ಓದುವಾಗ, ಕಂಡದ್ದನ್ನು ಕಂಡ ಗಳಿಗೆಯಲ್ಲೇ ಬರೆಯಬೇಕು, ಸಂಜೆ ಬರೆದರೆ ಅದು ಕಥೆಯಾಗುತ್ತದೆ ಎಂದು ನಮಗೆ ಕಲಿಸಿದ್ದರು. ಆ ಮಳೆಗಾಲದಲ್ಲಿ ನಾನು ಬರೆದದ್ದೆಲ್ಲ ಆಸ್ಪತ್ರೆಯ ರಿಜಿಸ್ಟರಿನಲ್ಲಿ ಉಳಿಯಿತು. ನನ್ನ ಬಳಿ ಇರುವುದು ನೆನಪು ಮಾತ್ರ. ಅದು ಇಷ್ಟು ವರ್ಷಗಳಲ್ಲಿ ನನಗೆ ಅನುಕೂಲವಾಗುವಂತೆ ಎಷ್ಟು ಸಲ ತನ್ನನ್ನು ತಾನೇ ತಿದ್ದಿಕೊಂಡಿದೆಯೋ ಗೊತ್ತಿಲ್ಲ.

ಕೊರೊನಾ ಅಡಗಿದ ಮರುವರ್ಷ ಅದು. ಮಕ್ತಲ್‌ನ ಹೊರಗೆ ಒಂದು ಟ್ರಸ್ಟಿನವರ ಹೆರಿಗೆ ಆಸ್ಪತ್ರೆ ಇತ್ತು. ಹೆಸರು ಬೇಡ. ಸಾಂಕ್ರಾಮಿಕದ ಕಾಲದಲ್ಲಿ ಯಾರೋ ದಾನ ಕೊಟ್ಟ ಲ್ಯಾಬಿನ ಸಾಮಾನುಗಳು ಅಲ್ಲಿ ಪ್ಲಾಸ್ಟಿಕ್ ಹಾಳೆ ಹೊದ್ದು ಕೂತಿದ್ದವು. ಅವನ್ನು ಬಳಸಬಲ್ಲವನೊಬ್ಬ ಬೇಕೆಂದು ನನ್ನನ್ನು ಒಂದು ವರ್ಷಕ್ಕೆ ತೆಗೆದುಕೊಂಡರು. ಕೆಲಸ ಸರಳ. ಜ್ವರ ಬಂದ ಕೂಸಿನ ಒಂದಿಷ್ಟು ರಕ್ತವನ್ನು ಸಾರಿನಂಥ ದ್ರವವಿರುವ ಬಾಟಲಿಗೆ ಹಾಕಿ ಮೈಯಷ್ಟೇ ಬಿಸಿಯಿರುವ ಪೆಟ್ಟಿಗೆಯಲ್ಲಿ ಇಡುವುದು. ಮರುದಿನ ಅದರಿಂದ ಒಂದು ಹನಿ ತೆಗೆದು ಗಾಜಿನ ತಟ್ಟೆಯ ಮೇಲೆ ಗೆರೆ ಎಳೆಯುವುದು. ಅದರ ಮರುದಿನ ತಟ್ಟೆಯಲ್ಲಿ ಏನು ಬೆಳೆದಿದೆ, ಅದಕ್ಕೆ ಯಾವ ಮದ್ದು ನಾಟುತ್ತದೆ ಎಂದು ಮಕ್ಕಳ ಡಾಕ್ಟರಿಗೆ ಹೇಳುವುದು. ಆಸ್ಪತ್ರೆಯೊಳಗೆ ಸೋಂಕು ಹರಡದಂತೆ ನೋಡಿಕೊಳ್ಳುವುದೂ ನನ್ನ ಹೊಣೆಯೆಂದು ನೇಮಕದ ಕಾಗದದ ಕೊನೆಯ ಸಾಲಿನಲ್ಲಿತ್ತು. ಆ ಸಾಲನ್ನು ನಾನು ಬಹಳ ಗಂಭೀರವಾಗಿ ತೆಗೆದುಕೊಂಡೆ. ಬಂದ ವಾರವೇ ಗೋಡೆಗೋಡೆಗೆ ಕೈಗೆ ಹಚ್ಚುವ ಸ್ಪಿರಿಟ್ಟಿನ ಬಾಟಲಿ ತೂಗು ಹಾಕಿಸಿದೆ. ಸಾಬೂನು ನೀರಿನಲ್ಲಿ ಕೈ ತೊಳೆಯುತ್ತ ಹೊತ್ತು ಕಳೆಯಬೇಡಿ ಎಂದು ಆಯಮ್ಮಗಳಿಗೆ ಭಾಷಣ ಮಾಡಿದೆ.

ಲ್ಯಾಬಿನಲ್ಲಿ ನನ್ನ ಜೊತೆಗೆ ಭಾಸ್ಕರ್ ಎಂಬ ಟೆಕ್ನೀಶಿಯನ್ ಇದ್ದ. ವಡ್ಡೆಪಲ್ಲಿ ಕಡೆಯವನು, ಮನೆಮಾತು ತೆಲುಗು, ವಯಸ್ಸಿನಲ್ಲಿ ನನಗಿಂತ ಹಿರಿಯ. ನಮ್ಮ ಕಸುಬಿನ ಅರ್ಧ ಜಾಣತನವೆಂದರೆ ತಟ್ಟೆಯಲ್ಲಿ ಬೆಳೆದದ್ದೆಲ್ಲ ರೋಗವಲ್ಲ ಎಂದು ತಿಳಿಯುವುದು. ಗಾಳಿಯಿಂದ, ಸೂಜಿ ಚುಚ್ಚಿದ ಚರ್ಮದಿಂದ, ಬಾಟಲಿಯ ಬಾಯಿಂದ ಏನಾದರೂ ಬಂದು ಬಿದ್ದು ತಾನೂ ಬೆಳೆದುಬಿಡುತ್ತದೆ. ಪುಸ್ತಕದಲ್ಲಿ ಅದಕ್ಕೆ ಕಂಟ್ಯಾಮಿನೆಂಟ್ ಎನ್ನುತ್ತಾರೆ. ಭಾಸ್ಕರ್ ಅಂಥ ತಟ್ಟೆಯನ್ನು ಬೆಳಕಿಗೆ ಹಿಡಿದು "ಮೈಲ ಸಾರ್" ಎಂದು ಪಕ್ಕಕ್ಕಿಡುತ್ತಿದ್ದ. ತೆಲುಗಿನ ಮೈಲ ಎಂದರೆ ನಮ್ಮ ಮೈಲಿಗೆಯೇ.

"ಹೊಲಸು ಅನ್ನಪ್ಪಾ, ಮೈಲ ಯಾಕ?" ಎಂದು ಒಮ್ಮೆ ಕೇಳಿದೆ.

"ಹೊಲಸು ಅಂದ್ರೆ ನಮ್ದು ತಪ್ಪು ಆಗ್ತೈತಿ ಸಾರ್. ಮೈಲ ಅಂದ್ರೆ ಯಾರ್ದೂ ತಪ್ಪು ಅಲ್ಲ. ತಗಲಿಬಿಟ್ಟೈತಿ, ಅಷ್ಟೆ."

ಈ ಮಾತು ನನಗೆ ಇಷ್ಟವಾಯಿತು. ತಿಂಗಳೊಪ್ಪತ್ತಿನಲ್ಲಿ ನಾನೂ ಮೈಲಿಗೆ ಎನ್ನತೊಡಗಿದೆ. ಮಕ್ಕಳ ಡಾಕ್ಟರ್ ವಸುಧಾ ಅವರಿಗೂ ಅದು ರೂಢಿಯಾಯಿತು. ಫೋನು ಮಾಡಿ, "ಏನ್ರಿ, ರೋಗ ಐತೋ ಮೈಲಿಗಿ ಐತೋ?" ಎಂದು ಕೇಳುತ್ತಿದ್ದರು.

ಶ್ರಾವಣದಲ್ಲಿ ಜಡಿ ಹಿಡಿಯಿತು. ಈ ಸೀಮೆಯ ಮಳೆ ಎಂದರೆ ಅರ್ಧ ತಾಸು ಹೊಡೆದು ಬಿಸಿಲು ಬಿಡುವಂಥದ್ದು. ಆ ಸಲ ಮೋಡ ಕದಲಲೇ ಇಲ್ಲ. ಹತ್ತಿಯ ಹೊಲಗಳಲ್ಲಿ ನೀರು ನಿಂತಿತು. ಜುರಾಲ ಅಣೆಕಟ್ಟಿನ ಗೇಟು ತೆಗೆದಿದ್ದಾರೆಂದು ಜನ ಛತ್ರಿ ಹಿಡಿದು ನೋಡಲು ಹೋದರು. ಸೂರ್ಯನನ್ನು ಕಾಣದೆ ಎಷ್ಟು ದಿನ ಕಳೆದೆವು ಎಂದು ಕೇಳಿದರೆ ಇಪ್ಪತ್ತು ಎನ್ನುತ್ತೇನೆ. ಹನ್ನೆರಡೋ ಹದಿಮೂರೋ ಇದ್ದಿರಬೇಕು. ಆಸ್ಪತ್ರೆಯ ಮಾಳಿಗೆಯ ಮೇಲೆ ಒಣಗುತ್ತಿದ್ದ ಬಟ್ಟೆಗಳು ಒಳಗೆ ಬಂದು ವರಾಂಡದುದ್ದಕ್ಕೂ ಹಗ್ಗದ ಮೇಲೆ ಜೋತವು. ಅವುಗಳ ನಡುವೆ ತಲೆ ಬಗ್ಗಿಸಿ ನಡೆಯಬೇಕಾಗಿತ್ತು.

ಆ ಬಟ್ಟೆಗಳು ಅಂಬಮ್ಮನವು. ಹಾಗೆ ಹೇಳಿದರೆ ತಪ್ಪಿಲ್ಲ. ಕೂಸುಗಳ ಕೋಣೆಯ ಆಯಮ್ಮ ಆಕೆ. ಮಲ್ದಕಲ್‌ನಲ್ಲಿ ಹುಟ್ಟಿ, ಗದ್ವಾಲ್‌ನಲ್ಲಿ ಸೋದರಮಾವನ ಮಗ್ಗದ ಮನೆಯಲ್ಲಿ ಬೆಳೆದು, ಮಕ್ತಲ್‌ಗೆ ಸೊಸೆಯಾಗಿ ಬಂದವಳು. ವಯಸ್ಸು ಐವತ್ತರ ಮೇಲೆ. ಹಳೆಯ ನೂಲಿನ ಸೀರೆಗಳನ್ನು ಹರಿದು ಕೂಸು ಸುತ್ತುವ ಬಟ್ಟೆ ಮಾಡುವುದು ಆ ಆಸ್ಪತ್ರೆಯ ಪದ್ಧತಿ. ಹಳೆಯ ನೂಲು ಮೆತ್ತಗಿರುತ್ತದೆ, ಕೂಸಿನ ಮೈಗೆ ಒಳ್ಳೆಯದು. ಅಂಬಮ್ಮ ಅವನ್ನು ಕುದಿಸಿ, ಹಿಂಡಿ, ಒಣಗಿಸಿ, ಮಡಿಚಿ ಗೂಡಿನಲ್ಲಿ ಒಟ್ಟುತ್ತಿದ್ದಳು. ಆ ಗೂಡಿಗೆ ಆಕೆ ಇಟ್ಟ ಹೆಸರು ಮಡಿ ಗೂಡು. ಬೇರೆಯವರು ಅದಕ್ಕೆ ಕೈ ಹಾಕಿದರೆ, "ಏ ಯವ್ವಾ, ಅದು ಮಡಿ ಬಟ್ಟಿ, ಅಲ್ಲೆ ಬಿಡು. ನಾ ಕೊಡ್ತೀನಿ," ಎಂದು ತಡೆಯುತ್ತಿದ್ದಳು.

ಜಡಿಯ ಮೊದಲ ವಾರದಲ್ಲಿ ಮಕ್ತಲ್ ಪಕ್ಕದ ಹಳ್ಳಿಯ ಒಂದು ಕೂಸಿಗೆ ಜ್ವರ ಬಂತು. ತಟ್ಟೆಯಲ್ಲಿ ದೊಡ್ಡ ದೊಡ್ಡ, ಚಪ್ಪಟೆ, ಬೂದಿ ಬಣ್ಣದ ಚುಕ್ಕೆಗಳು ಎದ್ದಿದ್ದವು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗೂಡ್ಸ್ ಗಾಡಿಯ ಡಬ್ಬಿಗಳಂತೆ ಒಂದರ ಹಿಂದೊಂದು ಕಡ್ಡಿಗಳು. ಬ್ಯಾಸಿಲಸ್ ಎಂಬ ದೊಡ್ಡ ಕುಲದ್ದು. ಮಣ್ಣಿನಲ್ಲಿ, ಧೂಳಿನಲ್ಲಿ, ಅಕ್ಕಿಯಲ್ಲಿ ಎಲ್ಲೆಲ್ಲೂ ಇರುವಂಥದ್ದು. ಮೊದಲ ವರ್ಷದ ವಿದ್ಯಾರ್ಥಿಯೂ ಅದನ್ನು ಕಂಟ್ಯಾಮಿನೆಂಟ್ ಎನ್ನುತ್ತಾನೆ. ನಾನೂ ಅಂದೆ. ಆ ಕೂಸು ತಾನಾಗಿಯೇ ಚೇತರಿಸಿಕೊಂಡು ಮನೆಗೆ ಹೋಯಿತು. ನನ್ನ ಮಾತು ಸರಿಯಾಯಿತು. ಐದಾರು ದಿನಕ್ಕೆ ಇನ್ನೊಂದು ಕೂಸಿನ ತಟ್ಟೆಯಲ್ಲೂ ಅದೇ. ಆ ಕೂಸನ್ನು ಮನೆಯವರು ಮಹಬೂಬ್‌ನಗರಕ್ಕೆ ಒಯ್ದರು. ಮುಂದೇನಾಯಿತೋ ತಿಳಿಯಲಿಲ್ಲ. ತಿಳಿದುಕೊಳ್ಳಲು ನಾನು ಪ್ರಯತ್ನಪಟ್ಟ ನೆನಪೂ ಇಲ್ಲ.

ನರಸಪ್ಪನ ಮಗಳು ಹುಟ್ಟಿದ್ದು ಒಂದು ಭಾನುವಾರ. ನರಸಪ್ಪ ನಾರಾಯಣಪೇಟೆಯ ನೇಕಾರ, ಮೂವತ್ತೈದರ ಆಸುಪಾಸು. ಹೆಂಡತಿ ಮಹಾದೇವಿಗೆ ಮದುವೆಯಾಗಿ ಎಂಟು ವರ್ಷಕ್ಕೆ ನಿಂತ ಬಸಿರು. ಎಂಟು ತಿಂಗಳಿಗೇ ನೋವು ಬಂದು, ಹೊಟ್ಟೆ ಕೊಯ್ದು ತೆಗೆದ ಕೂಸು. ಅಂಗೈಯಲ್ಲಿ ಹಿಡಿಯುವಷ್ಟು. ಹೀಗೆ ಬೇಗ ಹುಟ್ಟಿದ ಕೂಸನ್ನು ಬರಿ ಎದೆಗೆ ಅವಚಿಕೊಂಡು ಕೂತರೆ ಕೂಸಿನ ಮೈ ಬೆಚ್ಚಗಿರುತ್ತದೆ, ಬದುಕುವ ಆಸೆ ಹೆಚ್ಚುತ್ತದೆ. ಮಹಾದೇವಿಗೆ ಇನ್ನೂ ಎದ್ದು ಕೂರಲು ಆಗುತ್ತಿರಲಿಲ್ಲ. ವಸುಧಾ ಡಾಕ್ಟರು ಅಪ್ಪನನ್ನೇ ಕೂರಿಸಿದರು.

ಅವನು ಅಂಗಿ ಬಿಚ್ಚಿ, ಕೂಸನ್ನು ಎದೆಯ ಮೇಲಿಟ್ಟುಕೊಂಡು, ಉಸಿರು ಬಿಗಿಹಿಡಿದು ಕೂತಿದ್ದನ್ನು ನಾನು ಬಾಗಿಲಿನಿಂದ ನೋಡಿದ್ದೇನೆ. ಅಂಬಮ್ಮ ಮೇಲೆ ಬಟ್ಟೆ ಹೊದಿಸುತ್ತಿದ್ದಳು.

"ಉಸಿರಾಡೋ ತಮ್ಮಾ. ನೀ ಉಸಿರಾಡಿದ್ರ ಅದಕ್ಕೂ ಉಸಿರಾಡೂದು ತಿಳೀತೈತಿ."

ಅವನು ನಕ್ಕ. ಬಟ್ಟೆಯ ಅಂಚನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿದ. ನೇಕಾರರು ಯಾವ ಬಟ್ಟೆ ಸಿಕ್ಕರೂ ಹಾಗೆ ಮಾಡುತ್ತಾರೆ.

"ಗಂಜಿ ಚಲೋ ಹಾಕ್ಯಾರ. ಯಾರ ಕೈ ಇದು?"

"ನಂದ. ಗದ್ವಾಲ್‌ದಾಗ ಕಲ್ತದ್ದು."

"ಅದಕ್ಕ ಮತ್ತ. ನಮ್ಮ ಪ್ಯಾಟಿ ಕೈ ಇಷ್ಟ ಹಗುರ ಇರಂಗಿಲ್ಲ."

ಅಂಬಮ್ಮನ ಮುಖ ಅರಳಿತು. ನಾನು ಈ ಮಾತನ್ನು ಕೇಳಿದೆ. ಕಿವಿಯಾರೆ ಕೇಳಿದೆ. ಆದರೂ ಗಂಜಿ ಎಂಬ ಶಬ್ದ ನನ್ನೊಳಗೆ ಎಲ್ಲಿಯೂ ತಾಗದೆ ಹೊರಟುಹೋಯಿತು. ಅಥವಾ ಅವತ್ತು ನಾನು ಅಲ್ಲಿ ಇರಲೇ ಇಲ್ಲವೋ, ಅಂಬಮ್ಮ ಆಮೇಲೆ ಹೇಳಿದ್ದನ್ನು ಕಂಡಂತೆ ಕಟ್ಟಿಕೊಂಡಿದ್ದೇನೋ. ಆ ಅನುಮಾನವೂ ಇದೆ.

ಮಂಗಳವಾರ ಕೂಸು ಹಾಲು ಬಿಟ್ಟಿತು. ಮೈ ಬಿಸಿಯಾಯಿತು. ರಕ್ತ ತೆಗೆದು ನಮಗೆ ಕಳಿಸಿದರು. ಗುರುವಾರ ಬೆಳಿಗ್ಗೆ ತಟ್ಟೆ ತೆಗೆದರೆ ಅದೇ ಬೂದಿ ಬಣ್ಣದ ಚುಕ್ಕೆಗಳು. ನಾನು ಫೋನಿನಲ್ಲಿ ವಸುಧಾ ಅವರಿಗೆ ಹೇಳುತ್ತಿದ್ದೆ, ಭಾಸ್ಕರ್ ತಟ್ಟೆ ಹಿಡಿದು ನಿಂತಿದ್ದ, ನರಸಪ್ಪ ವರದಿಗಾಗಿ ಕಿಟಕಿಯ ಹೊರಗೆ ನಿಂತಿದ್ದ.

"ಏನ್ ಬಂತರಿ?" ಎಂದು ಕೇಳಿದ.

"ಮೈಲಿಗಿ ಅಷ್ಟ. ಬ್ಯಾರೆ ಏನಿಲ್ಲ," ಎಂದು ಉತ್ತರ ಹೋಯಿತು.

ಹೋಯಿತು ಎಂದೇ ಬರೆಯಬೇಕು. ಅದನ್ನು ಅಂದವನು ನಾನೋ ಭಾಸ್ಕರನೋ ಎಂದು ಈಗ ಖಚಿತವಿಲ್ಲ. ಬಹಳ ದಿನ ಭಾಸ್ಕರನೇ ಎಂದುಕೊಂಡಿದ್ದೆ. ಆದರೆ ನೆನಪಿನಲ್ಲಿ ಕೇಳಿಸುವ ಶಬ್ದ ಮೈಲಿಗಿ. ಭಾಸ್ಕರನಾಗಿದ್ದರೆ ಮೈಲ ಎನ್ನುತ್ತಿದ್ದ.

ಅವತ್ತು ಮಧ್ಯಾಹ್ನದಿಂದ ನರಸಪ್ಪ ಕೂಸನ್ನು ಎತ್ತಿಕೊಳ್ಳುವುದನ್ನು ಬಿಟ್ಟ. ಕರೆದರೆ ಬಾಗಿಲವರೆಗೆ ಬಂದು ನಿಲ್ಲುತ್ತಿದ್ದ. ಒಳಗೆ ಬರುತ್ತಿರಲಿಲ್ಲ. ಅಂಬಮ್ಮ ಎಲ್ಲರೆದುರಿಗೇ ಅವನನ್ನು ತರಾಟೆಗೆ ತೆಗೆದುಕೊಂಡಳು.

"ಏನ ಗಂಡಸಪ್ಪಾ ನೀ. ಮಗ್ಗದ ಮುಂದ ದಿನಾಪೂರ್ತಿ ಕೂಡ್ತಿ, ಮಗಳ ಮುಂದ ಒಂದ ತಾಸು ಕೂಡಾಕ ಆಗಂಗಿಲ್ಲೇನ? ಹೆಣ್ಣ ಅಂತ ಬ್ಯಾಸರೇನ?"

"ಹಂಗಲ್ಲಬೇ," ಎಂದಷ್ಟೇ ಅಂದ. ಕಂಬಕ್ಕೆ ಒರಗಿ ಮಳೆ ನೋಡುತ್ತ ನಿಂತ.

ನಾನೂ ಹಾಗೇ ತಿಳಿದೆ. ಹೆಣ್ಣು, ಮೇಲಾಗಿ ಉಳಿಯುವ ಭರವಸೆಯಿಲ್ಲ, ಮನಸ್ಸು ಹಿಂದೆ ಸರಿದಿದೆ ಎಂದುಕೊಂಡೆ. ಓದಿದವನಿಗೆ ಬೇರೆಯವರ ಬಗ್ಗೆ ಇಂಥ ತೀರ್ಮಾನಗಳು ಬೇಗ ಹೊಳೆಯುತ್ತವೆ.

ನನಗೆ ನನ್ನ ತಟ್ಟೆಯ ಮೇಲೆ ಅನುಮಾನ ಬಂದದ್ದು ಯಾವಾಗ? ನನ್ನ ನೆನಪಿನ ಪ್ರಕಾರ ಅದೇ ಗುರುವಾರ ಸಂಜೆ. ಊಟಕ್ಕೆ ಕೂತಾಗ, ಸುಮ್ಮನೆ ಬಂದು ಬೀಳುವ ಜೀವಿ ಮೂರು ಕೂಸುಗಳಲ್ಲಿ ಒಂದೇ ಹೇಗೆ ಇರಲು ಸಾಧ್ಯ ಎಂದು ಹೊಳೆಯಿತು. ಕೈ ತೊಳೆದು ಲ್ಯಾಬಿಗೆ ಓಡಿದೆ. ಹೀಗೆ ನನ್ನ ನೆನಪು ಹೇಳುತ್ತದೆ. ಆದರೆ ಭಾಸ್ಕರ್ ಆಮೇಲೆ ಯಾವಾಗಲೋ ಮಾತಿಗೆ, "ಶನಿವಾರ ಬೆಳಿಗ್ಗೆ ಅಲ್ವಾ ಸಾರ್ ನೀವು ಗಾಬರಿ ಬಿದ್ದದ್ದು?" ಎಂದ. ಶನಿವಾರವೇ ಇರಬೇಕು. ಡಾಕ್ಟರು ಮದ್ದು ಬದಲಿಸಿದ್ದು ಶನಿವಾರ ಎಂಬುದು ನನಗೆ ಚೆನ್ನಾಗಿ ಗೊತ್ತು. ಗುರುವಾರವೇ ಹೊಳೆದಿದ್ದರೆ ಶುಕ್ರವಾರ ನಾನು ಏನು ಮಾಡುತ್ತಿದ್ದೆ?

"ಮೇಡಂ, ಅದು ಮೈಲಿಗಿ ಇರಲಿಕ್ಕಿಲ್ಲ," ಎಂದೆ. ವಸುಧಾ ಅವರು ಕೂಸಿನ ಪಕ್ಕದಲ್ಲಿ ನಿಂತಿದ್ದರು.

ಅವರು ನನ್ನ ಮುಖ ನೋಡಿದರು. "ಇರಲಿಕ್ಕಿಲ್ಲ ಅಂದ್ರೆ?"

"ಅದ ರೋಗ ಅನಸ್ತೈತ್ರಿ. ಈಗ ಕೊಡೋ ಮದ್ದು ಈ ಜಾತಿಗೆ ನಾಟಂಗಿಲ್ಲ."

"ಮಂಗಳವಾರದಿಂದ ಅದನ್ನೇ ಕೊಡ್ತಾ ಇದೀನಿ," ಎಂದರು. ಬೈಯಲಿಲ್ಲ. ತಿರುಗಿ ಚೀಟಿ ಬರೆದರು.

ಅದೇ ದಿನ ನಾನು ಆ ಜೀವಿಯ ಮೂಲ ಹುಡುಕಲು ಹೊರಟೆ. ನಲ್ಲಿಯ ಬಾಯಿ, ಕೈ ತೊಳೆಯುವ ತೊಟ್ಟಿ, ಗಾಳಿ ಕೊಡುವ ಕೊಳವೆ, ಡಾಕ್ಟರ ಬೆರಳು, ನರ್ಸುಗಳ ಬೆರಳು, ಎಲ್ಲದರಿಂದ ಹತ್ತಿಯ ಕಡ್ಡಿಗೆ ಒರೆಸಿಕೊಂಡು ತಟ್ಟೆಗೆ ಹಚ್ಚಿದೆ. ಹೊರಗೆ ಓಡಾಡಿ ತಲೆ ತೊಯ್ದಿತ್ತು. ಅಂಬಮ್ಮ ಮಡಿ ಗೂಡಿನಿಂದ ಒಂದು ಬಟ್ಟೆ ತೆಗೆದು ಚಾಚಿದಳು.

"ತಲಿ ಒರಸ್ಕೋರಿ ಲ್ಯಾಬ್ ಸಾಹೇಬ್ರ. ನೆಗಡಿ ಬಂದ್ರ ನಿಮ್ಮ ರಗತಾನೂ ಬಾಟ್ಲಿಗಿ ಹಾಕಬೇಕಾದೀತು."

ಬಟ್ಟೆ ಕೈಗೆ ಬಂತು. ಹಳೆಯ ನೂಲು, ಆದರೂ ಮೇಲೆ ಒಂದು ತೆಳುವಾದ ಬಿರುಸು. ಮಡಿಕೆ ಬಿಡಿಸಿದರೆ ಒಳಗೆ ತೇವ. ಮೂಗಿಗೆ ಹಿಡಿದೆ. ಹುಳಿ ವಾಸನೆ.

"ಇದಕ್ಕ ಏನ ಹಾಕೀರಿ?"

"ಗಂಜಿರಿ. ತೆಳ್ಳಗ ಹಾಕ್ತೀನಿ, ಕೂಸಿನ ಮೈಗಿ ಒತ್ತಬಾರ್ದು ಅಂತ ಕೈಯಾಗ ತಿಕ್ಕಿ ಮೆತ್ತಗ ಮಾಡ್ತೀನಿ. ಗಂಜಿ ಹಾಕಿದ ಬಟ್ಟೀಗಿ ಹೇಲು ಹಿಡಿಯಂಗಿಲ್ಲರಿ. ಒಂದ ನೀರಿಗಿ ಹೋಗಿಬಿಡತೈತಿ."

ನಾನು ಗಂಜಿ ತೋರಿಸು ಎಂದೆ. ಅಡುಗೆಮನೆಯ ಹಿಂದೆ ಒಂದು ದೊಡ್ಡ ಬೋಗಾಣಿ, ಮೇಲೆ ಮುಚ್ಚಳ. ದಿನಾ ಅನ್ನ ಬಸಿದದ್ದನ್ನು ಅದಕ್ಕೇ ಸುರಿಯುತ್ತಿದ್ದಳು. ಬೋಗಾಣಿ ಎಂದೂ ಪೂರಾ ಖಾಲಿಯಾಗುತ್ತಿರಲಿಲ್ಲ.

"ಹಳೇದು ಚೆಲ್ಲಂಗಿಲ್ಲೇನ?"

"ಚೆಲ್ಲಿದ್ರ ಹೆಂಗರಿ? ಹೊಸಾ ಗಂಜಿಗಿ ಹಳೇದು ಒಂದ ಸೌಟು ಬಿಡಬೇಕು. ಅಂದ್ರ ಹಿಡೀತೈತಿ. ನಮ್ಮ ಮಾವನ ಮನ್ಯಾಗ ಹಂಗ ಮಾಡ್ತಿದ್ರು. ಮೊಸರಿಗಿ ಹೆಪ್ಪ ಹಾಕಿದಂಗ."

ಕಾಲೇಜಿನಲ್ಲಿ ಒಂದು ಜೀವಿಯನ್ನು ವರ್ಷಗಟ್ಟಲೆ ಸಾಯದಂತೆ ಉಳಿಸಿಕೊಳ್ಳಲು ನಮಗೆ ಕಲಿಸಿದ ವಿಧಾನ ಇದೇ. ಹಳೆಯದರಿಂದ ಒಂದು ಹನಿ ಹೊಸದಕ್ಕೆ. ಈ ಬ್ಯಾಸಿಲಸ್ ತನ್ನೊಳಗೆ ಬೀಜ ಕಟ್ಟಿಕೊಳ್ಳುತ್ತದೆ. ಆ ಬೀಜ ಬಟ್ಟೆ ಕುದಿಸಿದರೂ ಸಾಯುವುದಿಲ್ಲ. ನಾನು ಗೋಡೆಗೋಡೆಗೆ ತೂಗು ಹಾಕಿಸಿದ ಸ್ಪಿರಿಟ್ಟಿನಿಂದಂತೂ ಅದಕ್ಕೇನೂ ಆಗುವುದಿಲ್ಲ. ಕೈಗೆ ಅಂಟಿದ್ದು ಹೋಗಬೇಕಾದರೆ ಸಾಬೂನು ಹಚ್ಚಿ ನೀರಲ್ಲಿ ತೊಳೆದೇ ಹೋಗಬೇಕು. ಬಿಸಿಲಿದ್ದ ದಿನಗಳಲ್ಲಿ ಬಟ್ಟೆ ಒಣಗಿ ಗರಿಗರಿಯಾಗಿ ಅದು ಸುಮ್ಮನೆ ಮಲಗಿತ್ತು. ಜಡಿ ಹಿಡಿದ ಮೇಲೆ ತೇವ ಸಿಕ್ಕಿತು, ಅನ್ನವಂತೂ ಇತ್ತು. ಆ ಬಟ್ಟೆಯನ್ನು ತಟ್ಟೆಗೆ ಒತ್ತಿ ಇಟ್ಟೆ. ಭಾನುವಾರ ಬೆಳಿಗ್ಗೆ ತೆಗೆದರೆ ಒಂದು ಚುಕ್ಕೆ ಇಡಲೂ ಜಾಗವಿಲ್ಲದಂತೆ ಬೂದಿ ಬಣ್ಣ ಹರಡಿತ್ತು. ನಲ್ಲಿ, ಬೆರಳು, ಕೊಳವೆ ಯಾವುದರಲ್ಲೂ ಅದು ಇರಲಿಲ್ಲ.

ಇದಕ್ಕಿಂತ ಹೆಚ್ಚಿನ ಸಾಕ್ಷಿ ನನ್ನ ಬಳಿ ಇಲ್ಲ. ಬಟ್ಟೆಯದೂ ಕೂಸಿನದೂ ಒಂದೇ ಮನೆತನದ್ದೆಂದು ಗಟ್ಟಿಯಾಗಿ ಹೇಳಲು ದೊಡ್ಡ ಲ್ಯಾಬು ಬೇಕು. ಹೈದರಾಬಾದಿಗೆ ಕಳಿಸಿದೆ, ಉತ್ತರ ಬರಲಿಲ್ಲ. ಅವತ್ತೇ ಬಟ್ಟೆಗಳನ್ನೆಲ್ಲ ತೆಗೆಸಿ ಬೇರೆ ತರಿಸಿದರು, ಬೋಗಾಣಿ ಚೆಲ್ಲಿಸಿದರು. ಆಮೇಲೆ ಯಾವ ತಟ್ಟೆಯಲ್ಲೂ ಆ ಚುಕ್ಕೆ ಕಾಣಲಿಲ್ಲ. ಆದರೆ ಮಳೆಯೂ ಅದೇ ವಾರ ನಿಂತಿತು. ನಿಲ್ಲಿಸಿದ್ದು ನಾನೋ ಬಿಸಿಲೋ, ಹೇಗೆ ಹೇಳಲಿ?

ಅಂಬಮ್ಮನಿಗೆ ನಾನೇ ಹೇಳಿದೆ. ಎಷ್ಟು ಎಚ್ಚರದಿಂದ ಹೇಳಿದರೂ ನಡುವೆ ಆ ಶಬ್ದ ಬಾಯಿಗೆ ಬಂದುಬಿಟ್ಟಿತು. ಬಟ್ಟೆಗಳು ಮೈಲಿಗೆಯಾಗಿದ್ದವು ಎಂದೆ. ಆಕೆ ಕೇಳಿದಳು:

"ಗಂಜಿ ನಾವು ಉಣ್ಣೂದರಿ. ಬಾಣಂತಿಗಿ ಕುಡಸೂದು. ಅದರಾಗ ಎಂಥಾ ಮೈಲಿಗಿ? ನನ್ನ ಕೈಯಾಗ ಏನರ ಐತಿ ಅಂತ ಹೇಳ್ರಿ. ತಿಳಕೊತೀನಿ."

ಕೈಯಲ್ಲಿ ಏನೂ ಇಲ್ಲ ಎಂದೆ. ಆಕೆ ನಂಬಲಿಲ್ಲ. ಯಾರೂ ಆಕೆಯನ್ನು ತೆಗೆಯಲಿಲ್ಲ, ಬೈಯಲೂ ಇಲ್ಲ. ತಾನೇ ಕೇಳಿಕೊಂಡು ಹೊರರೋಗಿಗಳ ಕಡೆ ಕಸ ಹೊಡೆಯಲು ಹೋದಳು. ನಾನಿದ್ದಷ್ಟು ದಿನ ಆಕೆ ಇನ್ನೊಂದು ಕೂಸನ್ನು ಎತ್ತಿಕೊಂಡದ್ದನ್ನು ನೋಡಲಿಲ್ಲ.

ಸೋಮವಾರ ಬೆಳಿಗ್ಗೆ ನರಸಪ್ಪನ ಕೂಸು ತೀರಿಕೊಂಡಿತು. ಮದ್ದು ಬದಲಿಸಿ ಎರಡು ದಿನವಾಗಿತ್ತು. ಎಂಟೇ ತಿಂಗಳಿಗೆ ಹುಟ್ಟಿದ್ದು, ಉಳಿಯುವುದು ಮೊದಲೇ ಕಷ್ಟವಿತ್ತು ಎಂದು ವಸುಧಾ ಅವರು ನನಗೆ ಹೇಳಿದರು. ಅದು ನಿಜವೂ ಇರಬಹುದು. ನನಗೆ ಸಮಾಧಾನವಾಗಲೆಂದು ಹೇಳಿದ್ದೂ ಇರಬಹುದು.

ಹತ್ತು ಗಂಟೆಯ ಸುಮಾರಿಗೆ ಗೇಟಿನ ಬಳಿ ಆಟೋ ನಿಂತಿತ್ತು. ಮಹಾದೇವಿಯನ್ನು ಹಿಡಿದು ತಂದು ಹಿಂದೆ ಕೂರಿಸಿದ್ದರು. ಪಕ್ಕದಲ್ಲಿ ಅವಳ ತಾಯಿ, ಮನೆಯಿಂದ ತಂದ ಕೆಂಪು ಅಂಚಿನ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನರಸಪ್ಪ ಹತ್ತಲಿಲ್ಲ. ಲ್ಯಾಬಿನ ಕಿಟಕಿಗೆ ಬಂದ. ನಾನು ಹೊರಗೆ ಹೋದೆ.

"ಒಂದ ಮಾತ ಕೇಳ್ಲೇನ್ರಿ ಸಾಹೇಬ್ರ?"

"ಕೇಳ್ರಿ."

"ಅವತ್ತ ಮೈಲಿಗಿ ಐತಿ ಅಂದ್ರಲ್ಲ. ಅದು ಸೂತಕದ್ದ ಹೌದಲ್ರಿ?"

ನನಗೆ ಅರ್ಥವಾಗಲಿಲ್ಲ. ಯಾರ ಸೂತಕ ಎಂದೆ.

"ನಮ್ಮ ದೊಡ್ಡಪ್ಪ ತೀರಿ ನಾಕ ದಿನ ಆಗಿತ್ತರಿ ಇದು ಹುಟ್ಟಿದಾಗ. ಹತ್ತ ದಿನ ಮುಗಿಯೂತನಕ ಕೂಸಿನ ಮುಟ್ಟಬ್ಯಾಡ ಅಂತ ನಮ್ಮವ್ವ ಹೇಳಿದ್ಲು. ಡಾಕ್ಟರಮ್ಮ ನೋಡಿದ್ರ ಎದಿಗಿ ಹಚ್ಚಿಕೋ ಅಂದ್ರು. ಹೆಂಗ ಒಲ್ಲೆ ಅನ್ನಲಿ? ನಂಗೂ ಹಚ್ಚಿಕೋಬೇಕಿತ್ತು. ಹಚ್ಚಿಕೊಂಡೆ. ಎರಡ ದಿನಕ್ಕ ಜ್ವರ ಬಂತು. ಆದ್ರೂ ಹಿರೇರ ಮಾತು ಅಷ್ಟ ಅಂತ ಮನಸಿಗಿ ತಗೊಂಡಿರಲಿಲ್ರಿ. ಆಮ್ಯಾಲ ನಿಮ್ಮ ಮಿಷನ್‌ದಾಗೂ ಅದ ಬಂತು. ಮಿಷನ್‌ದಾಗ ಬಂದ ಮ್ಯಾಲ ಇನ್ನೇನೈತಿ?"

ಆಗ ನಾನು ಎಲ್ಲವನ್ನೂ ಹೇಳಿದೆ. ಮೈಲಿಗೆ ಎಂಬುದು ಲ್ಯಾಬಿನಲ್ಲಿ ನಾವು ತಮಾಷೆಗೆ ಆಡುವ ಶಬ್ದ, ಅದಕ್ಕೂ ಸಾವಿಗೂ ಸೂತಕಕ್ಕೂ ಸಂಬಂಧವಿಲ್ಲ ಎಂದೆ. ತಟ್ಟೆ, ಗಂಜಿ, ಜಡಿಮಳೆ ಎಲ್ಲ ಹೇಳಿದೆ. ಇದಕ್ಕಿಂತ ಮೊದಲು ಎರಡು ಸಲ ಅದನ್ನು ಕಂಡೂ ನಾನು ಪಕ್ಕಕ್ಕಿಟ್ಟೆ ಎಂದೂ ಹೇಳಿದೆ. ಹೇಳಿದೆನೆಂದು ನಂಬಿದ್ದೇನೆ. ಅವನು ಗೇಟಿನ ಕಡೆ ನೋಡುತ್ತ ಕೇಳಿಸಿಕೊಂಡ. ಬೈಯುತ್ತಾನೆಂದು ಕಾದೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ಆಯಮ್ಮಗ ಯಾರೂ ಏನೂ ಅನಬ್ಯಾಡ್ರಿ," ಎಂದ. "ಆಕಿ ಗಂಜಿ ಚಲೋನ ಹಾಕಿದ್ಲು."

"ಅನ್ನಂಗಿಲ್ಲ."

"ನಮ್ಮಾಕಿಗಿ ಇದನ್ನೆಲ್ಲ ಹೇಳಬ್ಯಾಡ್ರಿ. ಸೂತಕ ಅಂದ್ರ ಆಕಿಗಿ ಬೈಯಾಕ ನಾ ಒಬ್ಬಾಂವ ಇದೀನಿ. ನೀವು ಹೇಳೂದು ಕೇಳಿದ್ರ ಆಕಿ ಯಾರ್ನ ಬೈಬೇಕು? ಮಳೀನ ಬೈಬೇಕೇನು?"

ನನ್ನನ್ನು ಬೈಯಲಿ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಆಟೋದವನು ಹಾರ್ನ್ ಹೊಡೆದ. ನರಸಪ್ಪ ಎರಡು ಹೆಜ್ಜೆ ಹೋಗಿ ತಿರುಗಿ ಬಂದ.

"ಹಂಗಾದ್ರ, ಸಾಹೇಬ್ರ. ಆ ನಾಕ ದಿನ ನಾ ಎತ್ಕೋಬಹುದಿತ್ತೇನ್ರಿ?"

ಈ ಬರಹದಲ್ಲಿ ವಾರಗಳು ಹಿಂದು ಮುಂದಾಗಿರಬಹುದು, ಯಾರ ಮಾತನ್ನೋ ಯಾರ ಬಾಯಿಗೋ ಇಟ್ಟಿರಬಹುದು. ಈ ಪ್ರಶ್ನೆಯನ್ನು ಅವನು ಕೇಳಿದ್ದು ನಿಜ. ಇಲ್ಲ, ಹೇಗೂ ಬೇಡವಾಗಿತ್ತು, ಕೂಸಿಗೆ ಆಯಾಸವಾಗುತ್ತಿತ್ತು ಎಂದು ಒಂದು ಸುಳ್ಳು ಹೇಳಲು ಆಗ ನನಗೆ ಸಮಯವಿತ್ತು. ಸುಳ್ಳೂ ಹೊಳೆದಿತ್ತು.

"ಎತ್ಕೋಬಹುದಿತ್ತರಿ," ಎಂದೆ.

ಅವನು ತಲೆಯಾಡಿಸಿದ. ಗೇಟಿಗೆ ಹೋಗಿ, ಆಟೋದೊಳಗೆ ಬಗ್ಗಿ, ಅತ್ತೆಗೆ "ಕೊಡ್ರಿ ಇಲ್ಲಿ" ಎಂದ. ಆಕೆ ಒಮ್ಮೆ ಮಗಳ ಮುಖ, ಒಮ್ಮೆ ಅವನ ಮುಖ ನೋಡಿದಳು. ಅವನು ಅತ್ತೆಯ ತೊಡೆಯಿಂದ ಕೂಸನ್ನು ಎತ್ತಿಕೊಂಡು ಮುಂದೆ ಡ್ರೈವರನ ಪಕ್ಕ ಕೂತ. ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿ, ಬಟ್ಟೆಯ ಅಂಚು ಸರಿಸಿ, ಎದೆಗೆ ಹಚ್ಚಿಕೊಂಡ. ಆಟೋ ನಾರಾಯಣಪೇಟೆಯ ರಸ್ತೆಗೆ ತಿರುಗಿತು.